ದಶಾವತಾರ–ಡಾರ್ವಿನ್ ಚಾರ್ಟ್: ದೇವರಿಗೂ ಲಾಭ ಇಲ್ಲ, ವಿಜ್ಞಾನಕ್ಕೂ ಇಲ್ಲ

ಸುರಪುರದ ಮಾಸ್ತರ

ಶರಣ್ರೀ ಎಲ್ಲರಿಗೂ. ವಿಷ್ಣುವಿನ ದಶಾವತಾರವೂ ಡಾರ್ವಿನ್ ಹೇಳಿದ ಜೀವವಿಕಾಸವೂ ಒಂದೇ ಅನ್ನುವ ಆ ಚಾರ್ಟನ್ನು ನೀವೂ ನೋಡಿರುತ್ತೀರಿ. ಮೇಲೆ ಮತ್ಸ್ಯ, ಪಕ್ಕದಲ್ಲಿ ಮೀನು. ಕೂರ್ಮದ ಪಕ್ಕ ಉಭಯವಾಸಿ. ವರಾಹ ಅಂದರೆ ಸಸ್ತನಿ. ನರಸಿಂಹ ಅಂದರೆ ಅರ್ಧ ಪ್ರಾಣಿ, ಅರ್ಧ ಮನುಷ್ಯ. ವಾಮನ ಅಂದರೆ ಗಿಡ್ಡ ಆದಿಮಾನವ. ಕೆಳಗೆ ದಪ್ಪ ಅಕ್ಷರದಲ್ಲಿ ‘ಡಾರ್ವಿನ್‌ಗಿಂತ ಸಾವಿರಾರು ವರ್ಷ ಮೊದಲೇ ನಮ್ಮವರಿಗೆ ಗೊತ್ತಿತ್ತು’. ನಮ್ಮ ಶಿಕ್ಷಕರ ಗ್ರೂಪಿನಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಎಲ್ಲರೂ ಕೈ ಮುಗಿಯುವ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ.

ನಾನು ಹೈಸ್ಕೂಲ್ ವಿಜ್ಞಾನ ಮಾಸ್ತರ. ಲಿಂಗಪೂಜೆ ಮಾಡದೆ ಮನೆ ಬಿಡುವವನೂ ಅಲ್ಲ. ಎರಡೂ ನನಗೆ ಬೇಕು. ಅದಕ್ಕೇ ಈ ಚಾರ್ಟ್ ಕಂಡರೆ ಸಿಟ್ಟು ಬರುತ್ತದೆ.

ಮೊದಲು ವಿಜ್ಞಾನದ ಲೆಕ್ಕ. ಆಮೆ ಉಭಯವಾಸಿ ಅಲ್ಲ, ಸರೀಸೃಪ. ನೀರಲ್ಲೂ ನೆಲದಲ್ಲೂ ಓಡಾಡಿದ ಮಾತ್ರಕ್ಕೆ ಕಪ್ಪೆಯ ಗುಂಪಿಗೆ ಸೇರುವುದಿಲ್ಲ. ಹಂದಿಯಿಂದ ಸಿಂಹ ಬಂದಿಲ್ಲ, ಸಿಂಹದಿಂದ ಮನುಷ್ಯ ಬಂದಿಲ್ಲ. ಪರಶುರಾಮ, ರಾಮ, ಕೃಷ್ಣ ಮೂವರೂ ಮನುಷ್ಯರೇ, ಅಲ್ಲಿ ಬದಲಾದ ಜೀವಿ ಯಾವುದು? ಎಲ್ಲಕ್ಕಿಂತ ದೊಡ್ಡ ತಪ್ಪು, ವಿಕಾಸವನ್ನು ಏಣಿ ಅಂತ ತೋರಿಸುವುದು. ಮೀನು ಮೇಲಕ್ಕೆ ಹತ್ತಿ ಹತ್ತಿ ಮನುಷ್ಯ ಆಗಲಿಲ್ಲ. ಒಂದೇ ಬುಡದಿಂದ ಕೊಂಬೆಗಳು ಒಡೆದವು. ಇವತ್ತಿನ ಮೀನೂ ನಮ್ಮಷ್ಟೇ ದೂರ ಬಂದಿದೆ.

ಇನ್ನು ದೇವರ ಲೆಕ್ಕ. ಅವತಾರ ಅಂದರೆ ಧರ್ಮಕ್ಕೆ ಕುತ್ತು ಬಂದಾಗ ದೇವರು ಇಳಿದು ಬರುವುದು. ಅದನ್ನು ಜೀವಶಾಸ್ತ್ರದ ಪಾಠಪಟ್ಟಿ ಮಾಡಿದರೆ ಭಕ್ತಿಗೆ ಏನು ಉಳಿಯಿತು? ಬೀದರಿನ ನರಸಿಂಹ ಝರಣಿಯಲ್ಲಿ ಜನ ಎದೆಮಟ್ಟದ ನೀರಲ್ಲಿ ಗುಹೆಯೊಳಗೆ ನಡೆಯುತ್ತಾರೆ. ತಲೆ ಮೇಲೆ ಬಾವಲಿಗಳು, ಹೆಗಲ ಮೇಲೆ ಮಗು. ಅವರು ಹೋಗುವುದು ಪ್ರಾಣಿಗೂ ಮನುಷ್ಯನಿಗೂ ನಡುವಿನ ಜಾತಿಯನ್ನು ನೋಡಲಿಕ್ಕಾ?

ಈ ಹೋಲಿಕೆಯೂ ಪುರಾತನದ್ದೇನಲ್ಲ. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಥಿಯಾಸಫಿ ಅನ್ನುವ ಅಧ್ಯಾತ್ಮ ಪಂಥದ ಬ್ಲಾವಟ್‌ಸ್ಕಿ 1877ರಲ್ಲಿ ಹೀಗೆ ಬರೆದರು, ಬ್ರಹ್ಮಸಮಾಜದ ಕೇಶವಚಂದ್ರ ಸೇನ್ 1882ರಲ್ಲಿ ಹೇಳಿದರು. ಉತ್ತರ ಸಿಕ್ಕ ಮೇಲೆ ‘ನನಗೂ ಇದೇ ಬಂದಿತ್ತು’ ಅನ್ನುವ ಹುಡುಗರು ನನ್ನ ಕ್ಲಾಸಿನಲ್ಲೂ ಇದ್ದಾರೆ.

ನಮ್ಮಲ್ಲಿ ಧರ್ಮಕ್ಕೂ ವಿಜ್ಞಾನಕ್ಕೂ ಜಗಳವೇ ಇಲ್ಲ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಜಗಳ ಇಲ್ಲದಿರುವುದು ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳದೆ ಇರುವುದರಿಂದ ಅಂತ ನನ್ನ ಗುಮಾನಿ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ತೆಗೆಯಿತು. ಆ ಪುಸ್ತಕದಲ್ಲಿ ಓದಿ ಕಾಮರ್ಸ್ ತಗೊಂಡ ಹುಡುಗನಿಗೆ ವಿಕಾಸ ಅಂದರೆ ಈ ಚಾರ್ಟ್ ಒಂದೇ. ನಂಬುವವರು, ನಂಬದವರು ಎಲ್ಲರೂ ಬರೆಯಿರಿ. ಬರೀ ಕೈ ಮುಗಿಯುವ ಚಿತ್ರ ಬೇಡ.

ಝರಣಿ ಭಕ್ತ, ಬೀದರ್

ಮಾಸ್ತರ್ರೇ, ಆ ಚಾರ್ಟ್ ಹಾಕುವವರಲ್ಲಿ ನಾನೂ ಒಬ್ಬ. ಮಕ್ಕಳಿಗೆ ನಮ್ಮದರ ಬಗ್ಗೆ ಅಭಿಮಾನ ಬರಲಿ ಅಂತ ಹಾಕುತ್ತೇನೆ, ಅದರಲ್ಲಿ ಇಷ್ಟು ಸಿಟ್ಟಾಗುವಂಥದ್ದು ಏನಿದೆ? ಅದಿರಲಿ. ನಿಮ್ಮ ವಿಕಾಸವಾದ ಒಂದು ಪ್ರಶ್ನೆಗೆ ಉತ್ತರ ಕೊಡಲಿ. ಕಣ್ಣು ತಾನಾಗೇ ಆಗುತ್ತಾ? ಅರ್ಧ ಕಣ್ಣು ಇಟ್ಟುಕೊಂಡು ಯಾವ ಪ್ರಾಣಿ ಬದುಕೀತು? ಮಾಡಿದವನು ಒಬ್ಬ ಇರಲೇಬೇಕು.

ನಿರೀಶ್ವರ, ಕಲಬುರಗಿ

ಭಕ್ತರೇ, ಅರ್ಧ ಕಣ್ಣಿನಿಂದ ಬದುಕುವ ಪ್ರಾಣಿಗಳು ಈಗಲೂ ಇವೆ. ಚಪ್ಪಟೆ ಹುಳಕ್ಕೆ ಬೆಳಕು–ನೆರಳು ಗೊತ್ತಾಗುತ್ತದೆ, ಅಷ್ಟೇ. ಅದರ ಕೆಲಸಕ್ಕೆ ಅಷ್ಟು ಸಾಕು. ನಾಟಿಲಸ್ ಅನ್ನುವ ಸಮುದ್ರಜೀವಿಯ ಕಣ್ಣಿನಲ್ಲಿ ಮಸೂರವೇ ಇಲ್ಲ, ಬರೀ ಸಣ್ಣ ತೂತು. 1994ರಲ್ಲಿ ಸ್ವೀಡನ್ನಿನ ನಿಲ್ಸನ್ ಮತ್ತು ಪೆಲ್ಗರ್ ಲೆಕ್ಕ ಹಾಕಿದರು. ಬೆಳಕು ತಿಳಿಯುವ ಚಪ್ಪಟೆ ಚರ್ಮದಿಂದ ಮೀನಿನ ಕಣ್ಣಿನಂಥದ್ದು ಆಗಲು 4 ಲಕ್ಷ ತಲೆಮಾರಿಗಿಂತ ಕಡಿಮೆ ಸಾಕು ಅಂತ ಬಂತು. ಭೂಮಿಯ ವಯಸ್ಸಿನ ಮುಂದೆ ಅದು ಚಿಟಿಕೆ.

ಮಾಸ್ತರ್ರೇ, ನಿಮ್ಮ ಬಗ್ಗೆ ಗೌರವ ಇದೆ. ಆದರೆ ಚಾರ್ಟ್ ಹರಿದು ಹಾಕಿದ ಮೇಲೆ ನಿಮ್ಮ ಹತ್ತಿರ ಉಳಿಯುವುದೇನು? ನಿಸರ್ಗದ ಆಯ್ಕೆಯಿಂದಲೇ, ಅಂದರೆ ಪರಿಸರಕ್ಕೆ ಹೊಂದಿದವು ಉಳಿದು ಸಂತಾನ ಬೆಳೆಸುವುದರಿಂದಲೇ, ಎಲ್ಲ ನಡೆಯುತ್ತದೆ ಅಂದರೆ ದೇವರಿಗೆ ಕೆಲಸ ಇಲ್ಲ. ಕೆಲಸ ಇಲ್ಲದವನನ್ನು ಹಾಜರಿ ಪುಸ್ತಕದಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ?

ಕಲ್ಯಾಣದ ಅಕ್ಕ

ಶರಣು. ನಾನು ನಿವೃತ್ತ ಉಪನ್ಯಾಸಕಿ, ಬಸವಕಲ್ಯಾಣದವಳು. ಭಕ್ತರಿಗೆ ಒಂದು ಮಾತು. ಕಣ್ಣು ಹೇಗಾಯಿತು ಗೊತ್ತಿಲ್ಲ, ಆದ್ದರಿಂದ ದೇವರು ಮಾಡಿದ ಅನ್ನುವ ವಾದ ಬೇಡ ತಮ್ಮಾ. ನಾಳೆ ಯಾರೋ ಗೊತ್ತು ಮಾಡಿಕೊಳ್ಳುತ್ತಾರೆ. ಆಗ ನಿನ್ನ ದೇವರು ಅಲ್ಲಿಂದ ಜಾಗ ಖಾಲಿ ಮಾಡಬೇಕಾಗುತ್ತದೆ. ಸಿಡಿಲು ಹೀಗೇ ಹೋಯಿತು, ಸಿಡುಬೂ ಹೀಗೇ ಹೋಯಿತು.

ನಿರೀಶ್ವರ ಅವರಿಗೆ: ಬಿದ್ರಿ ಸಾಮಾನಿಗೆ ಕಪ್ಪು ಹೇಗೆ ಬರುತ್ತದೆ? ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ನೀರಿನಿಂದ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಪೂರ್ತಿ ರಸಾಯನಶಾಸ್ತ್ರ. ಅದು ಗೊತ್ತಾದ ಮಾತ್ರಕ್ಕೆ ಮಾಡಿದವನ ಕೈ ಇಲ್ಲ ಅಂತ ಆಗುತ್ತದೆಯೇ?

ನಿರೀಶ್ವರ, ಕಲಬುರಗಿ

ಅಕ್ಕಾ, ಬಿದ್ರಿ ಕೆಲಸಗಾರನನ್ನು ಬೀದರಿನ ಓಣಿಯಲ್ಲಿ ಹೋಗಿ ಮಾತಾಡಿಸಬಹುದು. ಅವನ ಸುತ್ತಿಗೆ ನೋಡಬಹುದು, ಬಿಲ್ ಕೇಳಬಹುದು. ಅವನು ಇದ್ದಾನೆ ಅಂತ ಹೂಜಿ ನೋಡಿ ಊಹೆ ಮಾಡುವ ಅಗತ್ಯ ಇಲ್ಲ. ನಿಮ್ಮ ಕುಶಲಕರ್ಮಿಯ ವಿಳಾಸ ಕೊಡಿ, ನಾನೂ ಹೋಗಿ ಬರುತ್ತೇನೆ.

ಕಲ್ಯಾಣದ ಅಕ್ಕ

ನ್ಯಾಯವಾದ ಮಾತು. ಆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಮುಂದೆ ಎಳೆಯುವುದಿಲ್ಲ.

ರೋಜಾದ ಮೆಡಿಕಲ್ ಶಾಪ್

ಅಸ್ಸಲಾಮು ಅಲೈಕುಂ, ನಮಸ್ಕಾರ. ನಾನು ಕಲಬುರಗಿ ರೋಜಾ ಏರಿಯಾದವನು, ಫಾರ್ಮಸಿ ಓದಿದವನು. ಮಾಸ್ತರ್ ಸಾಹೇಬರೇ, ಚಾರ್ಟಿನ ಕಾಯಿಲೆ ನಿಮ್ಮ ಕಡೆ ಮಾತ್ರ ಇಲ್ಲ. ಬಿಗ್ ಬ್ಯಾಂಗ್ ಕುರಾನಿನಲ್ಲೇ ಇದೆ ಅನ್ನುವ ವಿಡಿಯೋ ನಮ್ಮ ಗ್ರೂಪುಗಳಲ್ಲಿ ದಿನಾ ಬರುತ್ತದೆ. 9ನೇ ಶತಮಾನದಲ್ಲಿ ಬಸ್ರಾದ ಅಲ್‌-ಜಾಹಿಜ್ ಡಾರ್ವಿನ್‌ಗಿಂತ ಮೊದಲೇ ವಿಕಾಸ ಕಂಡುಹಿಡಿದರು ಅನ್ನುವುದೂ ಬರುತ್ತದೆ. ಅವರು ದೊಡ್ಡ ಬರಹಗಾರ, ಪ್ರಾಣಿಗಳು ಒಂದನ್ನೊಂದು ತಿಂದು ಬದುಕುವುದನ್ನು ಚೆನ್ನಾಗಿ ಗಮನಿಸಿ ಬರೆದಿದ್ದಾರೆ. ಆದರೆ ಜಾತಿಯಿಂದ ಜಾತಿ ಹೇಗೆ ಕವಲೊಡೆಯುತ್ತದೆ ಅನ್ನುವ ಡಾರ್ವಿನ್ ಸಿದ್ಧಾಂತ ಅದಲ್ಲ. ಅಜ್ಜ ಡಾಕ್ಟರ್ ಆಗಿದ್ದ ಅಂತ ಮೊಮ್ಮಗ ಬೋರ್ಡ್ ಹಾಕಿಕೊಂಡ ಹಾಗೆ ಆಗಬಾರದು ನೋಡಿ.

ವಿಕಾಸವನ್ನು ನಾನು ಕೌಂಟರಿನಲ್ಲೇ ನೋಡುತ್ತೇನೆ. ಐದು ದಿನದ ಆ್ಯಂಟಿಬಯಾಟಿಕ್ ಬರೆದಿದ್ದರೆ ‘ಎರಡು ದಿನದ್ದು ಕೊಡ್ರೀ ಸಾಕು’ ಅನ್ನುತ್ತಾರೆ. ಅರ್ಧ ಡೋಸಿಗೆ ಮೆತ್ತಗಿರುವ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿ ಇರುವವು ಉಳಿದು ಸಂತಾನ ಬೆಳೆಸುತ್ತವೆ. ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು.

ನನ್ನ ತೊಡಕು ಬೇರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಿಮಗೆ ಕಾಲ ಕೋಟಿಗಟ್ಟಲೆ ಇದೆ, ಯುಗಗಳಿವೆ, ಹೇಗೋ ಹೊಂದಿಸುತ್ತೀರಿ. ನಮಗೆ ಆದಮ್ ಒಬ್ಬ ವ್ಯಕ್ತಿ, ಮೊದಲ ಮನುಷ್ಯ. ಗಿಡ, ಪ್ರಾಣಿಗಳ ವಿಕಾಸ ಒಪ್ಪಿ ಮನುಷ್ಯನನ್ನು ಮಾತ್ರ ಹೊರಗಿಡುವ ಆಲಿಮರು, ಅಂದರೆ ಧರ್ಮಪಂಡಿತರು, ಇದ್ದಾರೆ. ಪೂರ್ತಿ ಒಪ್ಪದವರೂ ಇದ್ದಾರೆ. ಬೇರೆ ರೀತಿ ಓದಿ ಹೊಂದಿಸುವ ವಿದ್ವಾಂಸರೂ ಇದ್ದಾರೆ. ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಸುಳ್ಳು ವಿಡಿಯೋ ನೋಡಿ ಸಮಾಧಾನ ಆಗುವುದಕ್ಕಿಂತ ಹೀಗೇ ಇರುವುದು ವಾಸಿ.

ಪಿಯುಸಿ ಬಯಾಲಜಿ

ಸರ್, ನಾನು ಸೈನ್ಸ್ ಓದುತ್ತಿದ್ದೇನೆ, ಶಹಾಪುರ. ಮನೆಯಲ್ಲಿ ಅಜ್ಜಿ ‘ಮಂಗ್ಯಾನಿಂದ ಮನುಷ್ಯ ಬಂದಿದ್ದರೆ ಈಗಿನ ಮಂಗ್ಯಾಗಳು ಯಾಕೆ ಮನುಷ್ಯ ಆಗುತ್ತಿಲ್ಲ’ ಅಂತ ಕೇಳುತ್ತಾರೆ. ನನಗೂ ಸರಿಯಾಗಿ ಹೇಳಲಿಕ್ಕೆ ಬರಲಿಲ್ಲ. ಹನುಮಪ್ಪನ ಗುಡಿಗೆ ಕರಕೊಂಡು ಹೋಗಿ ತಪ್ಪುಕಾಣಿಕೆ ಹಾಕಿಸಿದರು.

ಸುರಪುರದ ಮಾಸ್ತರ

ತಂಗೀ, ಅಜ್ಜಿಯ ಪ್ರಶ್ನೆ ಚಲೋ ಇದೆ, ಕಾಣಿಕೆ ಹಾಕಿದ್ದೂ ಇರಲಿ. ಈಗಿನ ಮಂಗನಿಂದ ಯಾರೂ ಬಂದಿಲ್ಲ. ಮಂಗ ನಮಗೆ ಅಜ್ಜ ಅಲ್ಲ, ದೂರದ ಅಣ್ಣತಮ್ಮ. ಚಿಂಪಾಂಜಿಗೂ ನಮಗೂ ಇದ್ದ ಒಂದೇ ಪೂರ್ವಜ ಸುಮಾರು 60–70 ಲಕ್ಷ ವರ್ಷದ ಹಿಂದೆ ಬದುಕಿತ್ತು. ಅದು ಚಿಂಪಾಂಜಿಯೂ ಅಲ್ಲ, ಮನುಷ್ಯನೂ ಅಲ್ಲ.

ಪುರಾವೆ ಬೇಕಾದರೆ ಅಜ್ಜಿಗೆ ನಿಂಬೆಹಣ್ಣಿನಿಂದ ಶುರು ಮಾಡು. ಮನೆಯ ಆಡು, ನಾಯಿ ತಮ್ಮ ಮೈಯಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ, ಹಣ್ಣು ತಿನ್ನಲೇಬೇಕು. ಆ ಕೆಲಸದ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ಮಂಗನಲ್ಲೂ ಅದೇ ಜೀನ್ ಕೆಟ್ಟಿದೆ. ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿ ಇದ್ದರೆ ನಾವು ಮಾಸ್ತರರು ಏನು ತಿಳಿದುಕೊಳ್ಳುತ್ತೇವೆ? ಮೂಲ ಒಂದೇ ಅಂತ.

ಪರೀಕ್ಷೆಯಲ್ಲಿ ವಿಕಾಸದ ಪ್ರಶ್ನೆಗೆ ವಿಕಾಸವನ್ನೇ ಬರಿ. ದೇವರನ್ನು ಅಲ್ಲಿ ಸೇರಿಸಬೇಡ, ಅಂಕ ಬರುವುದಿಲ್ಲ.

ತೊಗರಿ ಹೊಲ, ಜೇವರ್ಗಿ

ನಾನು ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಹತ್ತಿ, ತೊಗರಿ, ಕಡಲೆ ಬೆಳೆಯುತ್ತೇನೆ. ಇಷ್ಟು ಜನ ಕಲಿತವರು ವಿಕಾಸ ಅಂದರೆ ಲಕ್ಷ ವರ್ಷದ ಮಾತು ಅಂತ ಬರೆಯುತ್ತಿದ್ದೀರಿ. ನನ್ನ ಹೊಲದಲ್ಲಿ ಅದು ನನ್ನ ಕಣ್ಣ ಮುಂದೆ ಆಯಿತು.

ಕೀಡೆ ಕೊಲ್ಲುವ ವಿಷದ ಜೀನ್ ಸೇರಿಸಿದ ಬಿಟಿ ಹತ್ತಿಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದು 2002ರಲ್ಲಿ. ಎಲೆ, ಕಾಯಿ ತಿಂದ ಕೀಡೆ ಸಾಯುತ್ತಿತ್ತು. 2006ರಲ್ಲಿ ಎರಡು ವಿಷದ ಜೀನ್ ಇರುವ ಬೀಜ ಬಂತು. 2015ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು. ಈಗ ಕಾಯಿ ಒಡೆದರೆ ಒಳಗೆ ಗುಲಾಬಿ ಹುಳ ಆರಾಮಾಗಿ ಕೂತಿರುತ್ತದೆ, ಅರಳೆ ಕಂದು ಹಿಡಿದಿರುತ್ತದೆ.

ಕೃಷಿ ವಿಜ್ಞಾನಿ ಒಬ್ಬರು ತರಬೇತಿಯಲ್ಲಿ ಬಿಡಿಸಿ ಹೇಳಿದರು. ಬೀಜದ ಪ್ಯಾಕೆಟಿನ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು, ಹೊಲದ ಸುತ್ತ ಹಾಕಿ ಅಂತ. ಯಾರು ಹಾಕಿದರು? ಹುಳಕ್ಕೆ ಸುಮ್ನೆ ಊಟ ಯಾಕೆ ಅಂತ ಬದುವಿಗೆ ಚೆಲ್ಲಿದೆವು. ಅದು ಇದ್ದದ್ದೇ ಹುಳಕ್ಕೆ ಊಟ ಹಾಕಲಿಕ್ಕೆ. ಅಲ್ಲಿ ವಿಷ ತಡೆಯದ ಸಾಮಾನ್ಯ ಹುಳ ಸಾವಿರಾರು ಬೆಳೆಯುತ್ತವೆ. ಬಿಟಿ ಗಿಡದಲ್ಲಿ ಉಳಿದ ಒಂದೋ ಎರಡೋ ಗಟ್ಟಿ ಹುಳ ಪತಂಗ ಆಗಿ ಇವುಗಳ ಜೊತೆ ಕೂಡುತ್ತದೆ. ಹುಟ್ಟುವ ಮರಿಗೆ ತಡೆಯುವ ಗುಣ ಒಂದು ಕಡೆಯಿಂದ ಮಾತ್ರ ಸಿಗುತ್ತದೆ, ಅದು ಬಿಟಿ ತಿಂದರೆ ಸಾಯುತ್ತದೆ. ಈ ಬಿಟಿ ಅಲ್ಲದ ಆಸರೆ ಬೆಳೆಯೇ ಇಲ್ಲದಿದ್ದರೆ ಗಟ್ಟಿಗೆ ಗಟ್ಟಿಯೇ ಜೋಡಿ. ಊರ ತುಂಬ ಅದರ ಸಂಸಾರ.

ತೊಗರಿಯ ನೆಟೆ ರೋಗದ್ದೂ ಇಂಥದ್ದೇ ಪಾಠ. ರೋಗ ತಡೆಯುವ ತಳಿ ಬರುತ್ತದೆ, ಶಿಲೀಂಧ್ರ ಬದಲಾಗುತ್ತಾ ಹೋಗುತ್ತದೆ, ವಿಜ್ಞಾನಿಗಳು ಮತ್ತೆ ಹುಡುಕುತ್ತಾರೆ.

ವಿಕಾಸ ಸುಳ್ಳು ಅನ್ನುವವರು ಒಂದು ಹಂಗಾಮು ಹತ್ತಿ ಬೆಳೆದು ನೋಡಿ. ಹಾಗಂತ ನಾನು ದೇವರನ್ನು ಬಿಟ್ಟಿಲ್ಲ. ಬಿತ್ತುವ ಮೊದಲು ಕೂರಿಗೆಗೆ ಪೂಜೆ ಮಾಡುತ್ತೇನೆ, ಶರಣಬಸಪ್ಪನ ತೇರಿಗೆ ಹೋಗಿ ಉತ್ತತ್ತಿ ಎಸೆದು ಬರುತ್ತೇನೆ. ಆದರೆ ಕೀಡೆ ಬಿದ್ದರೆ ತಾಡಪತ್ರಿ ಹಾಸಿ ತೊಗರಿ ಗಿಡ ಅಲುಗಾಡಿಸುತ್ತೇನೆ. ತೀರ್ಥ ಸಿಂಪಡಿಸುವುದಿಲ್ಲ.

ಝರಣಿ ಭಕ್ತ, ಬೀದರ್

ಕಾಕಾ, ಹುಳ ಗಟ್ಟಿ ಆಯಿತು ಖರೇ, ಆದರೆ ಅದು ಹುಳವೇ ಆಗಿ ಉಳಿಯಿತಲ್ಲ? ಹಕ್ಕಿ ಆಗಲಿಲ್ಲ.

ಸುರಪುರದ ಮಾಸ್ತರ

ಭಕ್ತರೇ, ಹತ್ತಿಪ್ಪತ್ತು ವರ್ಷದಲ್ಲಿ ಹಕ್ಕಿ ಆಗಿದ್ದರೆ ವಿಕಾಸವಾದವೇ ಸುಳ್ಳಾಗುತ್ತಿತ್ತು. ಹುಳದ್ದು ಮೊದಲ ಹೆಜ್ಜೆ. ದೊಡ್ಡ ಬದಲಾವಣೆಗೆ ಬೇಕಾದ ಕಾಲ ಎಷ್ಟು ಅಂತ ತಿಳಿಯಲು ಕಲ್ಲನ್ನೇ ಕೇಳಬೇಕು. ಇಲ್ಲಿ ಒಬ್ಬರು ಗಣಿಯವರು ಇದ್ದಾರಲ್ಲ, ಬರೆಯಲಿ.

ಪರ್ಸಿ ಕಲ್ಲು, ಸೇಡಂ

ಕರೆದರೆ ಬರಲೇಬೇಕು. ನಾನು ಸುಣ್ಣದಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತೇನೆ, ಓದಿದ್ದು ಭೂವಿಜ್ಞಾನ.

ನಿಮ್ಮ ಮನೆಯ ನೆಲದಲ್ಲಿ ಶಹಾಬಾದ್ ಪರ್ಸಿ ಇದ್ದರೆ ನೀವು ಸಮುದ್ರದ ತಳದ ಮೇಲೆ ಕೂತು ಊಟ ಮಾಡುತ್ತಿದ್ದೀರಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಸುಣ್ಣದಕಲ್ಲು ಒಂದು ಕಾಲದ ಸಮುದ್ರದಲ್ಲಿ ಪದರ ಪದರವಾಗಿ ಕೂತ ಕೆಸರು. ಅದಕ್ಕೇ ಹಾಳೆ ಹಾಳೆಯಾಗಿ ಏಳುತ್ತದೆ. 50 ಕೋಟಿ ವರ್ಷಕ್ಕಿಂತ ಹಳೆಯದು. ಇದರಲ್ಲಿ ಮೀನಿನ ಮುಳ್ಳು ಹುಡುಕಬೇಡಿ, ಸಿಗುವುದಿಲ್ಲ. ಅಂಥ ಪ್ರಾಣಿಗಳು ಆಗ ಇನ್ನೂ ಬಂದಿರಲಿಲ್ಲ. ಆಳಂದ, ಬಸವಕಲ್ಯಾಣ, ಬೀದರ್ ಕಡೆ ಹೋದರೆ ಕರಿಕಲ್ಲು. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಹರಿದ ಲಾವಾ, ಡೈನೋಸಾರ್‌ಗಳು ಅಳಿದ ಕಾಲದ್ದು. ಅದೇ ಕಲ್ಲು ಸವೆದು ನಿಮ್ಮ ತೊಗರಿಯ ಎರಿಮಣ್ಣು ಆಗಿದೆ. ಬೀದರ್ ಕೋಟೆ ನಿಂತಿರುವ ಕೆಂಪು ಜಂಬಿಟ್ಟಿಗೆ ಅದೇ ಲಾವಾ ಮಳೆ, ಬಿಸಿಲಿಗೆ ಕೊಳೆತು ಆದದ್ದು.

ಆದರೆ ನನಗೆ ನಿದ್ದೆ ಕೆಡಿಸುವ ಜಾಗ ಇವು ಯಾವುವೂ ಅಲ್ಲ. ಮಾಸ್ತರ್ರೇ, ಅದು ನಿಮ್ಮ ಪಕ್ಕದಲ್ಲೇ ಇದೆ. ಹುಣಸಗಿ ಹತ್ತಿರದ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಅಗೆದರು. ಸಿಕ್ಕದ್ದು ಆದಿಮಾನವರ ಕಲ್ಲಿನ ಕಾರ್ಖಾನೆ. ಸುಣ್ಣದಕಲ್ಲಿನ ಹಾಸು ನೆಲದ ಮೇಲೆ ಎದ್ದು ಕೂತ ಜಾಗ ನೋಡಿಕೊಂಡು, ಅಲ್ಲೇ ಕೂತು ಚಪ್ಪಡಿ ಒಡೆದು ಕೈಕೊಡಲಿ, ಸೀಳುಗತ್ತಿ ಮಾಡಿದ್ದಾರೆ. ಒಡೆಯಲು ಬಳಸಿದ ಸುತ್ತಿಗೆ ಕಲ್ಲು ಇದೆ, ಉದುರಿದ ಚಕ್ಕೆ ಇದೆ, ಅರ್ಧಕ್ಕೆ ಬಿಟ್ಟ ಕೊಡಲಿಯೂ ಇದೆ. ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಕಾಲ ತೆಗೆದರು. ಸುಮಾರು 12 ಲಕ್ಷ ವರ್ಷ.

ನಮ್ಮ ಜಾತಿಯ ಮನುಷ್ಯ, ಅಂದರೆ ಹೋಮೊ ಸೇಪಿಯನ್ಸ್, ಹುಟ್ಟಿದ್ದು ಹೆಚ್ಚೂಕಮ್ಮಿ 3 ಲಕ್ಷ ವರ್ಷದ ಹಿಂದೆ. ಹಾಗಾದರೆ ಇಸಾಂಪುರದಲ್ಲಿ ಕಲ್ಲು ಒಡೆದವರು ನಾವಲ್ಲ. ಅವರ ಎಲುಬು ಅಲ್ಲಿ ಸಿಕ್ಕಿಲ್ಲ. ಆದರೆ ಯಾವ ಕಲ್ಲು ಚಲೋ ಅಂತ ಆರಿಸಿದ್ದಾರೆ, ಮುಂದೆ ಏನಾಗಬೇಕು ಅಂತ ಯೋಚಿಸಿ ಒಡೆದಿದ್ದಾರೆ, ಮಕ್ಕಳಿಗೆ ಕಲಿಸಿರಲೇಬೇಕು. ನಂಬುವವರೆಲ್ಲರಿಗೂ ನನ್ನ ಒಂದೇ ಪ್ರಶ್ನೆ. ಅವರಿಗೆ ಆತ್ಮ ಇತ್ತಾ? ಪಾಪ–ಪುಣ್ಯ ಇತ್ತಾ? ದೇವರಿಗೆ ಅವರು ಯಾರು?

ರೋಜಾದ ಮೆಡಿಕಲ್ ಶಾಪ್

ಪರ್ಸಿ ಭಾಯ್, ಒಂದೇ ಏಟಿಗೆ ಎಲ್ಲರನ್ನೂ ಕೆಡವಿದಿರಿ. ಆದಮ್ ಯಾವಾಗ ಇದ್ದರು ಅನ್ನುವುದಷ್ಟೇ ನನ್ನ ಚಿಂತೆಯಾಗಿತ್ತು. ಆದಮ್‌ಗಿಂತ ಮುಂಚೆ ಹುಣಸಗಿಯಲ್ಲಿ ಕೊಡಲಿ ಮಾಡುತ್ತಿದ್ದವರು ಯಾರು ಅಂತ ಯಾವ ವಿಡಿಯೋದವರೂ ಕೇಳಲಿಲ್ಲ.

ಝರಣಿ ಭಕ್ತ, ಬೀದರ್

ಅವರು ರಾಕ್ಷಸರೋ ವಾನರರೋ ಇರಬಹುದಲ್ಲ? ರಾಮಾಯಣದಲ್ಲಿ ಬರುವ ಹಾಗೆ.

ಪರ್ಸಿ ಕಲ್ಲು, ಸೇಡಂ

ಅಣ್ಣಾ, ಈಗ ತಾನೇ ಒಂದು ಚಾರ್ಟ್ ಹರಿದಿದ್ದೇವೆ. ಹೊಸದು ಬೇಡ.

ನಿರೀಶ್ವರ, ಕಲಬುರಗಿ

ಈ ಪ್ರಶ್ನೆಗೆ ಕ್ಯಾಥೊಲಿಕ್ ಚರ್ಚ್ ಒಂದು ದಾರಿ ಹುಡುಕಿದೆ, ಹೇಳುತ್ತೇನೆ. 1950ರಲ್ಲಿ ಪೋಪ್ ಹನ್ನೆರಡನೇ ಪಯಸ್ ಮನುಷ್ಯನ ಶರೀರ ಹಿಂದಿನ ಜೀವಿಗಳಿಂದ ಬಂದಿರಬಹುದೇ ಅಂತ ವಿಚಾರ ಮಾಡಲು ಅಡ್ಡಿ ಇಲ್ಲ ಅಂದರು. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಅಂದರು. 1996ರಲ್ಲಿ ಎರಡನೇ ಜಾನ್ ಪಾಲ್ ಇನ್ನೂ ಮುಂದೆ ಹೋಗಿ ವಿಕಾಸ ಬರೀ ಊಹೆ ಅಲ್ಲ ಅಂತ ಒಪ್ಪಿದರು. ಆತ್ಮದ ಮಾತು ಬಿಡಲಿಲ್ಲ.

ಇದನ್ನು ಇಸಾಂಪುರಕ್ಕೆ ಹಚ್ಚಿ ನೋಡಿ. ಒಂದು ತಲೆಮಾರಿಗೆ ಆತ್ಮ ಇಲ್ಲ, ಮುಂದಿನದಕ್ಕೆ ಇದೆ. ತಾಯಿಗೆ ಇಲ್ಲ, ಮಗಳಿಗೆ ಇದೆ! ವಿಕಾಸದಲ್ಲಿ ಅಂಥ ಗೆರೆ ಎಲ್ಲೂ ಇಲ್ಲ. ಪ್ರತಿ ಮಗುವೂ ತಾಯಿಯ ಜಾತಿಯದ್ದೇ.

ತಳಿವಿಜ್ಞಾನದ ಮೆಂಡೆಲ್ ಪಾದ್ರಿ, ಬಿಗ್ ಬ್ಯಾಂಗಿನ ಲೆಮೈತ್ರ್ ಪಾದ್ರಿ, ವಿಕಾಸದ ವಿಜ್ಞಾನಿ ಡೊಬ್‌ಜಾನ್‌ಸ್ಕಿ ಆಸ್ತಿಕ ಅಂತ ಪಟ್ಟಿ ಯಾರೂ ತರಬೇಡಿ. ಒಬ್ಬನ ತಲೆಯಲ್ಲಿ ಎರಡು ವಿಚಾರ ಒಟ್ಟಿಗೆ ಇರಬಹುದು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ಅವು ಒಂದಕ್ಕೊಂದು ಹೊಂದುತ್ತವೆ ಅಂತಲ್ಲ.

ಕಲ್ಯಾಣದ ಅಕ್ಕ

ಗೆರೆಯ ತೊಡಕು ಮನುಷ್ಯನಿಗೆ ಮಾತ್ರ ಆತ್ಮ ಅನ್ನುವವರಿಗೆ. ನಮ್ಮ ಕಡೆ ಇರುವೆಗೂ ಜೀವಾತ್ಮ ಇದೆ ಅನ್ನುತ್ತಾರೆ. ಶರಣರು ಲೇಸು ಬಯಸಿದ್ದು ಸಕಲ ಜೀವಿಗಳಿಗೆ. ಹಾಗಾಗಿ ಇಸಾಂಪುರದವರು ಹೊರಗಿನವರೇನೂ ಅಲ್ಲ.

ಹೀಗೆ ಬರೆಯುವಾಗಲೇ ಮಾಸ್ತರರ ಗುಮಾನಿ ನೆನಪಾಗುತ್ತದೆ, ಇದು ತೀರಾ ಸುಲಭ ಆಯಿತು ಅಂತ. ಎಲ್ಲರಿಗೂ ಆತ್ಮ ಹಂಚಿದರೆ ಗೆರೆಯ ಚಿಂತೆ ಇಲ್ಲ. ಆದರೆ ಇನ್ನೊಂದು ಬರುತ್ತದೆ. ಸಂಕಟದ ಲೆಕ್ಕ. ಒಂದು ಜಾತಿ ಸುಧಾರಿಸಲು ಲಕ್ಷ ಜೀವಗಳು ಸಾಯಬೇಕು, ಹಸಿದು, ಹೆದರಿ. ಅವಕ್ಕೂ ಆತ್ಮ ಇದ್ದರೆ ಆ ಸಂಕಟವೂ ಎಣಿಕೆಗೆ ಬರಬೇಕು. ಕರ್ಮ ಅಂತ ಹೇಳಿ ಮುಗಿಸುವವರು ಇದ್ದಾರೆ. ನನಗೆ ಆ ಉತ್ತರ ಒಪ್ಪಿಗೆ ಇಲ್ಲ. ಹುಟ್ಟಿನ ಹೆಸರಲ್ಲಿ ಮನುಷ್ಯರನ್ನು ತುಳಿಯಲೂ ಅದೇ ಕರ್ಮವನ್ನು ಬಳಸಿದರು.

ನಿರೀಶ್ವರ, ಕಲಬುರಗಿ

ಅಕ್ಕಾ, ಸರಿಯಾದ ಜಾಗಕ್ಕೆ ಬಂದಿರಿ. ಡಾರ್ವಿನ್ ಮನಸ್ಸಿಗೂ ಇದೇ ಚುಚ್ಚಿತ್ತು. ಅವನ ಮಗಳು ಆ್ಯನಿ 1851ರಲ್ಲಿ ಹತ್ತು ವರ್ಷಕ್ಕೇ ತೀರಿಕೊಂಡಳು. 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಆಸಾ ಗ್ರೇಗೆ ಅವನು ಕಾಗದ ಬರೆದ. ಗ್ರೇ ದೈವಭಕ್ತ, ಆದರೂ ಡಾರ್ವಿನ್ ಪರ ವಾದ ಮಾಡಿದವನು. ಕೀಡೆಯ ಮೈಯೊಳಗೆ ಮೊಟ್ಟೆ ಇಡುವ ಒಂದು ಜಾತಿಯ ಕಣಜ ಇದೆ. ಮರಿ ಒಳಗಿನಿಂದ ಜೀವಂತ ಕೀಡೆಯನ್ನು ತಿನ್ನುತ್ತಾ ಬೆಳೆಯುತ್ತದೆ. ದಯಾಮಯನಾದ ದೇವರು ಇಂಥದ್ದನ್ನು ಬೇಕಂತಲೇ ಸೃಷ್ಟಿಸಿದ ಅಂತ ನನಗೆ ನಂಬಲಾಗುವುದಿಲ್ಲ ಅನ್ನುವುದು ಆ ಕಾಗದದ ಸಾರ. ಆದರೂ ಅವನು ಪೂರ್ತಿ ನಾಸ್ತಿಕ ಆಗಲಿಲ್ಲ, ಕೊನೆಗೆ ತನ್ನನ್ನು ಅಜ್ಞೇಯವಾದಿ, ಅಂದರೆ ದೇವರು ಇದ್ದಾನೋ ಇಲ್ಲವೋ ತಿಳಿಯಲಾಗದು ಅನ್ನುವವನು, ಅಂದುಕೊಂಡ. 1879ರ ಒಂದು ಕಾಗದದಲ್ಲಿ ಗಟ್ಟಿ ಆಸ್ತಿಕನೂ ವಿಕಾಸವಾದಿ ಆಗಿರಬಹುದು ಅಂತಲೂ ಬರೆದಿದ್ದಾನೆ. ಮಾಸ್ತರ್ರಿಗೆ ಇದು ಖುಷಿ ಕೊಡಬಹುದು, ಅದಕ್ಕೇ ಮುಚ್ಚಿಡದೆ ಬರೆದೆ.

ತೊಗರಿ ಹೊಲ, ಜೇವರ್ಗಿ

ಆ ಕಣಜ ಇಂಗ್ಲೆಂಡಿನಲ್ಲಿ ಮಾತ್ರ ಇಲ್ಲರೀ. ನನ್ನ ಹಿಂಗಾರಿ ಕಡಲೆ ಹೊಲದಲ್ಲೂ ಆ ಕುಲದ್ದು ಇದೆ. ಕೃಷಿಯವರು ಅದಕ್ಕೆ ಕ್ಯಾಂಪೊಲೆಟಿಸ್ ಅನ್ನುತ್ತಾರೆ. ನಾವು ಸುಮ್ನೆ ಮಿತ್ರಕೀಟ ಅನ್ನುತ್ತೇವೆ.

ಕಡಲೆ ಎಳೆಯದಿದ್ದಾಗ ಬೆಳಿಗ್ಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಎಲೆ ತಿರುವಿ ನೋಡಿ. ಸಣ್ಣ ಹಸಿರು ಕೀಡೆ ಬೆಪ್ಪಾಗಿ ಕೂತಿರುತ್ತದೆ, ತಿನ್ನುವುದು ಕಡಿಮೆ, ಮೈ ಬಿಳಚಿರುತ್ತದೆ. ಅದರ ಒಳಗೆ ಕಣಜದ ಮರಿ ಇದೆ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಎಲೆಗೆ ಬೂದುಬಿಳಿ ಬಣ್ಣದ ಗೂಡು ಅಂಟಿರುತ್ತದೆ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಪಕ್ಕದಲ್ಲಿ ಕೀಡೆಯ ಖಾಲಿ ಚರ್ಮ. ಗೂಡು ಜಾಸ್ತಿ ಕಂಡ ಕಡೆ ನಾನು ಕೀಟನಾಶಕ ಹೊಡೆಯುವುದಿಲ್ಲ. ಹೊಡೆದರೆ ಕಣಜ ಮೊದಲು ಸಾಯುತ್ತದೆ, ಕೀಡೆ ಆಮೇಲೆ.

ಡಾರ್ವಿನ್ ಸಾಹೇಬರಿಗೆ ದೇವರ ಮೇಲೆ ಸಂಶಯ ಬಂದದ್ದು ಯಾವ ಹುಳ ನೋಡಿಯೋ ಅದೇ ಕುಲದ ಹುಳ ನೋಡಿ ನಾನು ದೇವರು ದೊಡ್ಡವನು ಅಂದದ್ದಿದೆ. ನನ್ನ ಕಡಲೆ ಉಳಿಯಿತು, ಅದಕ್ಕೆ. ಕೀಡೆಯ ಕಡೆಯಿಂದ ನೋಡಿದರೆ ಆ ಮಾತು ಬರುತ್ತದಾ? ಇಲ್ಲ. ದೇವರು ಯಾರ ಪಕ್ಷ ಅಂತ ಇನ್ನು ಮುಂದೆ ನಾನು ಹೇಳಲಿಕ್ಕೆ ಹೋಗುವುದಿಲ್ಲ.

ಝರಣಿ ಭಕ್ತ, ಬೀದರ್

ಕಾಕಾ, ಈ ಮಾತು ಕಣ್ಣಿನ ಮಾತಿಗಿಂತ ಕಷ್ಟ ಇದೆ. ಕಣ್ಣು ಹೇಗಾಯಿತು ಅಂತ ನಾನು ಜಗಳಾಡಬಲ್ಲೆ. ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ನಿರೀಶ್ವರ, ಕಲಬುರಗಿ

ಹಾಗಾದರೆ ಅಕ್ಕನಿಗೆ ನೇರ ಪ್ರಶ್ನೆ. ಕೀಡೆಯನ್ನು ಕಾಯದ, ಕಣಜವನ್ನು ತಡೆಯದ, ಹತ್ತಿಯನ್ನೂ ಉಳಿಸದ ದೇವರು ಇದ್ದರೂ ಇಲ್ಲದಿದ್ದರೂ ಏನು ವ್ಯತ್ಯಾಸ?

ಕಲ್ಯಾಣದ ಅಕ್ಕ

ಕೀಡೆಗೆ ಏನೂ ವ್ಯತ್ಯಾಸ ಇಲ್ಲ. ನನಗೆ ಇದೆ.

ನಾನು ನಂಬುವ ದೇವರು ಹೊಲ ಕಾಯುವ ಆಳು ಅಲ್ಲ. ಮಳೆ ಕೊಡು, ನೌಕರಿ ಕೊಡು ಅಂತ ಕೇಳುವುದನ್ನು ನಾನು ಎಂದೋ ಬಿಟ್ಟೆ. ನಿಸರ್ಗಕ್ಕೆ ದಯೆ ಇಲ್ಲ, ಅದನ್ನು ಡಾರ್ವಿನ್ ಸರಿಯಾಗಿಯೇ ಕಂಡ. ಆದರೆ ಅದೇ ದಯೆ ಇಲ್ಲದ ನಿಸರ್ಗದಿಂದ ಬಂದ ಪ್ರಾಣಿಯೊಂದು ಕೀಡೆಯ ಸಂಕಟ ಕಂಡು ಕಾಗದ ಬರೆಯಿತಲ್ಲ? ಹಾಗೆ ಮರುಗುವ ಮನಸ್ಸು ವಿಕಾಸದಿಂದಲೇ ಬಂತು ಅನ್ನಿ, ಒಪ್ಪುತ್ತೇನೆ. ಗುಂಪಿನಲ್ಲಿ ಬದುಕಲು ಅದು ಬೇಕಿತ್ತು ಅನ್ನಿ, ಅದೂ ಇರಲಿ. ಆ ಮರುಕಕ್ಕೆ ನಾನು ತಲೆ ಬಾಗಬೇಕು, ಅದರ ಮಾತು ಕೇಳಿ ನಡೆಯಬೇಕು ಅನ್ನುವುದು ಯಾವ ಜೀನ್ ಪಟ್ಟಿಯಲ್ಲೂ ಬರೆದಿಲ್ಲ. ನಾನು ದೇವರನ್ನು ಇಟ್ಟುಕೊಂಡಿರುವುದು ಅಲ್ಲಿ. ಪುರಾವೆ ಕೇಳಿದರೆ ಕೊಡಲು ಇಲ್ಲ. ವಿಜ್ಞಾನ ಅಂತ ಇದನ್ನು ಯಾರಿಗೂ ಮಾರುವುದೂ ಇಲ್ಲ.

ನಿರೀಶ್ವರ, ಕಲಬುರಗಿ

ತಲೆ ಬಾಗಲು ದೇವರು ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥ ಆಗಿಲ್ಲ, ನಾನು ದೇವರಿಲ್ಲದೆಯೇ ಬಾಗುತ್ತೇನೆ. ಆದರೆ ಇಂಥ ದೇವರ ಜೊತೆ ನನಗೆ ಜಗಳ ಇಲ್ಲ. ಚಾರ್ಟಿನವನ ಜೊತೆ ಮಾತ್ರ ಇದೆ.

ರೋಜಾದ ಮೆಡಿಕಲ್ ಶಾಪ್

ನಿಮ್ಮಿಬ್ಬರ ರಾಜಿ ಆಯಿತು, ನನ್ನ ಆದಮ್ ಪ್ರಶ್ನೆ ಹಾಗೇ ಉಳಿಯಿತು! ಪರವಾಗಿಲ್ಲ. ಪರ್ಸಿ ಭಾಯ್, ಇಸಾಂಪುರಕ್ಕೆ ಕಲಬುರಗಿಯಿಂದ ಹೇಗೆ ಹೋಗಬೇಕು? ಮಗನಿಗೆ ತೋರಿಸಬೇಕು ಅಂತಿದೆ.

ಪರ್ಸಿ ಕಲ್ಲು, ಸೇಡಂ

ಸುರಪುರಕ್ಕೆ ಬನ್ನಿ, ಅಲ್ಲಿಂದ ಹುಣಸಗಿ ರಸ್ತೆ. ದೊಡ್ಡ ಬೋರ್ಡು, ಮ್ಯೂಸಿಯಂ ಅಂತ ಏನೂ ನಿರೀಕ್ಷೆ ಇಟ್ಟುಕೊಳ್ಳಬೇಡಿ. ನೋಡಲು ಕಲ್ಲು, ಹೊಲ ಅಷ್ಟೇ. ಚಕ್ಕೆ ಕಂಡರೆ ಜೇಬಿಗೆ ಹಾಕಬೇಡಿ, ಬಿದ್ದಲ್ಲೇ ಇದ್ದರೆ ಮಾತ್ರ ಅದು ಮಾತಾಡುತ್ತದೆ.

ಸುರಪುರದ ಮಾಸ್ತರ

ಭಾಯ್, ಭಾನುವಾರ ಬನ್ನಿ, ಹುಣಸಗಿಗೆ ನಾನೂ ಬರುತ್ತೇನೆ. ಆದಮ್ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಊಟ ಮಾತ್ರ ನಮ್ಮ ಮನೆಯಲ್ಲಿ. ಭಕ್ತರೇ, ನೀವೂ ಬೀದರಿನಿಂದ ಬರುವುದಾದರೆ ಹೇಳಿ, ಒಂದು ರೊಟ್ಟಿ ಜಾಸ್ತಿ ಬಡಿಯಲು ಹೇಳುತ್ತೇನೆ.